ಆರನೆಯ ಬಟನ್

ಜನವರಿ 10

ಪ್ರೀತಿಯ ತಮ್ಮನಿಗೆ,

ಮೊದಲು ನಿನ್ನ ಹೊಟ್ಟೆ ಹೇಗಿದೆ ಹೇಳು, ಮಿಕ್ಕಿದ್ದೆಲ್ಲ ಆಮೇಲೆ. ಬೆಟ್ಟದ ಹೊಟ್ಟೆ ಕೊರೆಯುವ ಭರದಲ್ಲಿ ನಿನ್ನದನ್ನು ಮರೆತಿರುತ್ತೀಯ. ಸುರಂಗದ ಕೆಲಸಕ್ಕೆ ಮೇಸ್ತ್ರಿ ಬೇಕಂತೆ ಎಂದು ನೀನು ಹೊರಟು ನಿಂತಾಗ ನಾನು ಅತ್ತಿದ್ದು ನಿನ್ನ ಪ್ರಾಣದ ಭಯಕ್ಕಲ್ಲ, ನಿನ್ನ ಊಟದ ಚಿಂತೆಗೆ.

ನೀನು ಹುಡುಕಿಕೊಟ್ಟ ಮನೆಗೆ ಬಂದು ಒಂದು ತಿಂಗಳಾಯಿತು. ನಿನ್ನ ಭಾವ ತೀರಿಕೊಂಡ ಮೇಲೆ ಇದು ಎಂಟನೆಯ ಮನೆ. ಇನ್ನು ಗಂಟುಮೂಟೆ ಕಟ್ಟುವ ಶಕ್ತಿ ನನಗಿಲ್ಲ ಕಣೋ. ಇಲ್ಲಿಂದ ನನ್ನನ್ನು ಕಳಿಸಬೇಕಾದರೆ ಹೊತ್ತುಕೊಂಡೇ ಹೋಗಬೇಕು. ಎರಡು ಕೋಣೆ, ಒಂದು ಅಡುಗೆಮನೆ, ಹೊಲಿಗೆ ಮಿಷನ್ನಿಗೆ ಸರಿಯಾದ ಬೆಳಕಿನ ಕಿಟಕಿ. ಮಾಲೀಕರು ಒಂದು ದೊಡ್ಡ ಮರದ ಬೀರು ಕೂಡ ಬಿಟ್ಟಿದ್ದಾರೆ. ಅದು ಓಣಿ ಕಡೆಯ ಗೋಡೆಗೆ ನಿಂತಿದೆ, ಚೆನ್ನಾಗಿ ಒಪ್ಪುತ್ತದೆ. ಮಹಡಿಯ ಮೇಲೆ ಪುಸ್ತಕಕ್ಕೆ ಬೈಂಡು ಹಾಕುವವರು, ಗಂಡ ಹೆಂಡತಿ ಇಬ್ಬರೇ. ಅವರಿಂದ ನನಗೆ ಬರುವುದು ಅಂಟಿನ ವಾಸನೆ ಒಂದೇ. ಶಾಲೆಯ ಸಮವಸ್ತ್ರದ ಕೆಲಸ ಆಗಲೇ ಎರಡು ಕಡೆಯಿಂದ ಬಂದಿದೆ.

ಈಗ ಹೊಸ ಸುದ್ದಿ. ನಮ್ಮ ಮನೆಯ ಬಲಕ್ಕೆ ಓಣಿ, ಓಣಿಯ ಆಚೆಗೆ ಒಂದು ತಗ್ಗು ಮನೆ. ಆ ಮನೆಗೆ ನಮ್ಮ ಗೋಡೆಯನ್ನೇ ನೋಡುವ ಒಂದು ಕಿಟಕಿ ಇದೆ, ಅದೂ ಅಂಗೈಯಗಲ ತೆರೆದಿರುತ್ತದೆ. ಒಳಗೆ ಒಬ್ಬ ಮುದುಕ ಇದ್ದಾನಂತೆ. ಮುಖ ನೋಡಿದವರು ಬೀದಿಯಲ್ಲಿ ಯಾರೂ ಇಲ್ಲ. ನಮ್ಮ ಮಕ್ಕಳು ಬಂದ ವಾರಕ್ಕೇ ಅವನಿಗೆ ಕಿಟಕಿ ತಾತ ಎಂದು ಹೆಸರಿಟ್ಟರು.

ಓಣಿಯ ತುದಿಗೆ ಹಳೆಯ ಪಂಪ್‌ಹೌಸ್ ಇದೆ, ಮೋಟಾರು ಕಿತ್ತುಕೊಂಡು ಹೋಗಿ ಎಷ್ಟೋ ವರ್ಷವಾಗಿದೆ. ಅದರ ಗೋಡೆಯಲ್ಲೊಂದು ಗೂಡು. ಹದಿನೈದು ದಿನದ ಹಿಂದೆ ಆ ಗೂಡಿನಲ್ಲಿ ಮಕ್ಕಳಿಗೆ ಪೇಪರಿನಲ್ಲಿ ಸುತ್ತಿಟ್ಟ ಬಣ್ಣದ ಸೀಮೆಸುಣ್ಣ ಸಿಕ್ಕಿತು. ಆಮೇಲೆ ನಾಲ್ಕು ಗೋಲಿ. ಹೋದ ವಾರ ದಾರ ಕಟ್ಟಿದ ಹಿತ್ತಾಳೆಯ ಗುಂಡು, ನಿನ್ನ ಚೀಲದಲ್ಲಿ ಇರುತ್ತಲ್ಲ, ಗೋಡೆ ನೇರ ನೋಡುವ ತೂಕದ ಗುಂಡು, ಅಂಥದ್ದೇ. ಯಾರು ಇಟ್ಟಿದ್ದು ಎಂದರೆ ನಮ್ಮ ಚಿಕ್ಕವನು ಇಲಿ ಕಿಟಕಿಯ ಕಡೆ ಕೈ ತೋರಿಸುತ್ತಾನೆ. ನಿನ್ನ ಸೊಸೆ ವಕೀಲಮ್ಮನ ವಾದ ಬೇರೆ: "ಅಮ್ಮ, ಬರೀ ತಗೊಳ್ಳೋದು ಸರಿಯಲ್ಲ, ನಾವೂ ಏನಾದ್ರೂ ಕೊಡಬೇಕು." ಕೊಟ್ಟಳು ನೋಡು. ನಮ್ಮಮ್ಮನ ಸ್ವೆಟರಿನ ಹಸಿರು ಬಟನ್ ನನ್ನ ಡಬ್ಬಿಯಲ್ಲಿ ಐದು ಇದ್ದವಲ್ಲ, ಅದರಲ್ಲಿ ಒಂದನ್ನು ಗೂಡಿನಲ್ಲಿ ಇಟ್ಟು ಬಂದಿದ್ದಾಳೆ. ಮರುದಿನ ಅದು ಇರಲಿಲ್ಲ. ಬೈದೆ. ಆರನೆಯದು ಹಿಂದೆ ಎಲ್ಲಿ ಉರುಳಿಹೋಯಿತೋ ಗೊತ್ತಿಲ್ಲ, ಈಗ ನಾಲ್ಕೇ ಉಳಿದಿವೆ.

ನನ್ನ ಸಣ್ಣ ಕತ್ತರಿಯ ಮೂತಿಯನ್ನೂ ಯಾರೋ ಮೊಂಡು ಮಾಡಿದ್ದಾರೆ. ಇಬ್ಬರೂ "ನಾನಲ್ಲ" ಅನ್ನುತ್ತಾರೆ.

ನನಗೆ ಈ ಕೊಡುವುದು ತೆಗೆದುಕೊಳ್ಳುವುದು ಹಿತವೆನಿಸುತ್ತಿಲ್ಲ. ಪಂಪ್‌ಹೌಸು ನನ್ನ ಕಿಟಕಿಗೆ ಕಾಣುವುದಿಲ್ಲ. ಮುಖ ತೋರಿಸದವನು ಮಕ್ಕಳಿಗೆ ಯಾಕೆ ಏನಾದರೂ ಕೊಡಬೇಕು? ನೀನೇನು ಹೇಳುತ್ತೀಯ ಬರೆ.

ನಿನ್ನ ಅಕ್ಕ


ಜನವರಿ 24

ಅಕ್ಕ,

ಹೊಟ್ಟೆ ಇದೆ, ಅದರೊಳಗೆ ಏನಿದೆ ಎಂದು ಮಾತ್ರ ಕೇಳಬೇಡ. ಇಲ್ಲಿನ ಅಡುಗೆಯವನು ಮೊದಲು ಡಾಂಬರು ಕಾಯಿಸುತ್ತಿದ್ದನಂತೆ. ರುಚಿ ನೋಡಿದರೆ ಇನ್ನೂ ಆ ಕೆಲಸ ಬಿಟ್ಟಿಲ್ಲ ಅನ್ನಿಸುತ್ತದೆ.

ಬಟನ್ ವಿಷಯದಲ್ಲಿ ವಕೀಲಮ್ಮನನ್ನು ಬೈಯಬೇಡ. ದೊಡ್ಡ ಕಳ್ಳ ನಾನೇ. ನನಗೆ ಕೆಲಸ ಕಲಿಸಿದ ಮೇಸ್ತ್ರಿ ಗಾರೆ ಬಳಿದು ಗಿಲಾವು ಮುಗಿಸಿದ ಪ್ರತಿ ಗೋಡೆಯ ಕೆಳಮೂಲೆಯಲ್ಲಿ ಒಂದು ಹಂಚಿನ ಚೂರು ಒತ್ತಿ, ಮೇಲೆ ತೆಳ್ಳಗೆ ಸಾರಿಸಿಬಿಡುತ್ತಿದ್ದ. ಇದು ನನ್ನ ಕೈ ಎನ್ನುವ ಗುರುತು, ಹೊರಗಿನವರಿಗೆ ಕಾಣುವುದಿಲ್ಲ. ನಾನು ಹಂಚಿನ ಬದಲು ನಿನ್ನ ಡಬ್ಬಿಯ ಬಟನ್ ಒತ್ತುತ್ತಿದ್ದೆ. ಒಂದಲ್ಲ ಒಂದು ದಿನ ನೀನು ಕೋಲು ಹಿಡಿದು ಬರುತ್ತೀಯ ಎಂದು ಕಾದೆ, ಬರಲಿಲ್ಲ. ಈಗ ಸುರಂಗಕ್ಕೆ ಬಟನ್ ಹಾಕಿದರೆ ಬೆಟ್ಟಕ್ಕೇ ಅಂಗಿ ತೊಡಿಸಿದ ಹಾಗಾಗುತ್ತದೆ.

ತಮಾಷೆ ಅಲ್ಲಿಗೆ ನಿಲ್ಲಲಿ. ಆ ಮುದುಕನ ಸಂಗತಿ ನನಗೂ ಸರಿ ಕಾಣಲಿಲ್ಲ. ತೂಕದ ಗುಂಡು ಯಾರ ಮನೆಯಲ್ಲೂ ಸುಮ್ಮನೆ ಬಿದ್ದಿರುವುದಿಲ್ಲ, ನಮ್ಮ ಕಸುಬಿನವನಾಗಿರಬೇಕು, ಇಲ್ಲ ಕದ್ದಿರಬೇಕು. ಕಣ್ಣಿಗೆ ಕಾಣದ ಮೂಲೆಗೆ ಮಕ್ಕಳನ್ನು ಎಳೆಯುವವನನ್ನು ನಂಬಬಾರದು. ಆ ಗೂಡನ್ನು ಇಟ್ಟಿಗೆ ಇಟ್ಟು ಮುಚ್ಚಿಸು. ಮಕ್ಕಳು ನಿನ್ನ ಕಿಟಕಿಯ ಕೆಳಗೆ, ಓಣಿಯಲ್ಲಿ, ನಿನ್ನ ಗೋಡೆಗೇ ಚೆಂಡು ಹೊಡೆದುಕೊಂಡು ಆಡಲಿ. ನಿನ್ನ ಕಿವಿಗೆ ಸದ್ದು ಬೀಳುತ್ತಿದ್ದರೆ ಸಾಕು.

ಅಂದಹಾಗೆ ಓಣಿ ಕಡೆ ಗೋಡೆ ಹೇಗಿದೆ? ಗಿಲಾವು ಉದುರುತ್ತಿಲ್ಲ ತಾನೇ? ಕಸುಬಿನ ಚಾಳಿ, ಸುಮ್ಮನೆ ಕೇಳಿದೆ.

ಫೆಬ್ರವರಿ ಮೂರಕ್ಕೆ ನಮ್ಮ ತಂಡ ಒಳಕ್ಯಾಂಪಿಗೆ ಹೋಗುತ್ತದೆ. ಮೂರು ವಾರ ಅಲ್ಲೇ ಊಟ, ಅಲ್ಲೇ ನಿದ್ದೆ. ಕಾಗದಗಳು ಹೊರಗಿನ ಆಫೀಸಿನ ಮೊಳೆಗೆ ನೇತುಬಿದ್ದಿರುತ್ತವೆ. ಉತ್ತರ ತಡವಾದರೆ ನಾನು ಸತ್ತೆ ಎಂದು ಗೋಳಾಡಬೇಡ.

ತಮ್ಮ


ಫೆಬ್ರವರಿ 8

ತಮ್ಮ,

ನಿನ್ನ ಕಾಗದ ಬರುವುದಕ್ಕೂ ನನ್ನ ಎದೆ ಒಡೆಯುವುದಕ್ಕೂ ಸರಿಹೋಯಿತು. ನೀನು ಹೇಳಿದ ಹಾಗೇ ಮಾಡಿದ್ದೇನೆ. ಬೈಂಡರ್ ಇಟ್ಟಿಗೆ ತಂದು ಗೂಡನ್ನು ಮುಚ್ಚಿದರು. ಮುಚ್ಚುವಾಗ ಒಳಗೆ ಒಂದು ಬುಗುರಿ ಇತ್ತು. ಇಲಿ ಅದನ್ನು ತೆಗೆದುಕೊಡು ಎಂದು ಗೋಗರೆದ. ಅದರ ಮೇಲೇ ಇಟ್ಟಿಗೆ ಇಡಿಸಿದೆ.

ನನಗೆ ಅಷ್ಟು ಸಿಟ್ಟು ಬರಲು ಕಾರಣವಿದೆ. ಮಂಚದ ಕೆಳಗೆ ಗುಡಿಸುವಾಗ ಬಿಸ್ಕತ್ತಿನ ಡಬ್ಬಿ ಸಿಕ್ಕಿತು. ಒಳಗೆ ಬೆರಳಗಲದ ತೆಳು ಗಾಜಿನ ಪಟ್ಟಿಗಳು, ಹತ್ತೋ ಹನ್ನೊಂದೋ ಇದ್ದವು. ಪ್ರತಿಯೊಂದರ ಎರಡೂ ತುದಿಗೆ ಬಿಳಿ ಗಾರೆ ಮೆತ್ತಿದೆ. ಪ್ರತಿಯೊಂದರ ಮೇಲೂ ಕಪ್ಪು ಶಾಯಿಯಲ್ಲಿ ತಾರೀಖು. ಕೆಲವು ನಟ್ಟನಡುವೆ ಎರಡು ತುಂಡಾಗಿವೆ. ಓಣಿಯಲ್ಲಿ ಸಿಕ್ಕಿದ್ದು, ಕಿಟಕಿ ತಾತ ನಮಗೆ ಅಂತಲೇ ಇಟ್ಟಿದ್ದು ಎಂದು ಇಬ್ಬರೂ ಒಂದೇ ಪಾಠ ಒಪ್ಪಿಸಿದರು.

ಒಂದು ಪಟ್ಟಿಯ ಮೇಲೆ ಏನಿತ್ತು ಗೊತ್ತೇ? ಒಂಬತ್ತು, ಹತ್ತು. ಅಕ್ಟೋಬರ್ ಒಂಬತ್ತು. ಇಲಿ ಹುಟ್ಟಿದ ದಿನ. ಅದೂ ತುಂಡಾಗಿತ್ತು. ಯಾರಿಗೂ ಹೇಳದ ದಿನ ಆ ಮನುಷ್ಯನಿಗೆ ಹೇಗೆ ತಿಳಿಯಿತು? ನನ್ನ ಮಗುವಿನ ಹುಟ್ಟಿದ ದಿನವನ್ನು ಗಾಜಿನ ಮೇಲೆ ಬರೆದು ಮುರಿಯುವ ಮನಸ್ಸು ಎಂಥದ್ದು? ಡಬ್ಬಿ ಹಿಡಿದುಕೊಂಡೇ ಬೈಂಡರ್ ಮನೆಗೆ ಮೆಟ್ಟಿಲು ಹತ್ತಿದೆ.

ಬೀದಿಯ ನಾಲ್ಕು ಗಂಡಸರು ಹೋಗಿ ಅವನ ಬಾಗಿಲು ಬಡಿದರು. ಅವನು ಬಾಗಿಲು ತೆರೆಯಲಿಲ್ಲ. ಒಳಗಿನಿಂದಲೇ, "ಮಕ್ಕಳನ್ನ ಓಣಿಯಲ್ಲಿ ಆಡೋಕೆ ಬಿಡಬೇಡಿ, ಆಮೇಲೆ ಪಶ್ಚಾತ್ತಾಪ ಪಡ್ತೀರಿ" ಅಂದನಂತೆ. ತಪ್ಪು ಮಾಡಿದವನೇ ನಮ್ಮನ್ನು ಹೆದರಿಸುವುದು ಬೇರೆ. ಬೈಂಡರ್ ಸಿಟ್ಟಿಗೆ ಅವನ ಕಿಟಕಿಗೆ ಕಲ್ಲು ಬೀಸಿದರು, ಗಾಜು ಒಡೆಯಿತು. ನಾನು ಬೇಡ ಅನ್ನಲಿಲ್ಲ.

ಈಗ ಮಕ್ಕಳು ದಿನಾ ಶಾಲೆಯಿಂದ ಬಂದ ಮೇಲೆ ನನ್ನ ಕಿಟಕಿಯ ಕೆಳಗೇ ಆಡುತ್ತಾರೆ. ಚೆಂಡು ಗೋಡೆಗೆ ಬಡಿಯುವ ಸದ್ದು ಕೇಳುತ್ತಿದ್ದರೆ ನನಗೆ ಸಮಾಧಾನ. ಗೋಡೆ ಗಟ್ಟಿಮುಟ್ಟಾಗಿದೆ, ನಿನಗೆ ಆ ಚಿಂತೆ ಬೇಡ.

ನಿನ್ನ ಅಕ್ಕ

(ಅದೇ ಲಕೋಟೆಯಲ್ಲಿ, ರೂಲ್ ಪುಸ್ತಕದಿಂದ ಹರಿದ ಹಾಳೆ)

ಪ್ರೀತಿಯ ಮಾಮ,

ಅಮ್ಮ ಅಂಟು ತರಲು ಮೇಲೆ ಹೋಗಿದ್ದಾಳೆ, ಅಷ್ಟರಲ್ಲಿ ಇದನ್ನು ಒಳಗೆ ತೂರಿಸುತ್ತಿದ್ದೇನೆ. ನಾನು ಸುಳ್ಳು ಹೇಳಿದ್ದೇನೆ. ಗಾಜು ಓಣಿಯಲ್ಲಿ ಬಿದ್ದಿರಲಿಲ್ಲ. ಮೊದಲ ಎರಡು ಮಾತ್ರ ಬಿದ್ದಿದ್ದವು, ಮಿಕ್ಕಿದ್ದು ನಮ್ಮ ಗೋಡೆಗೆ ಅಂಟಿಸಿತ್ತು, ನಾವೇ ಅಮ್ಮನ ಕತ್ತರಿಯಿಂದ ಎಬ್ಬಿಸಿದೆವು. ಗೋಡೆಯ ಮೇಲೆ ಒಂದು ಉದ್ದ ಗೆರೆ ಇದೆ, ಅದರ ಮೇಲೆ ಅಡ್ಡಡ್ಡ ಅಂಟಿಸುತ್ತಾರೆ. ನಾವು ತೆಗೆದರೆ ಮತ್ತೆ ಹೊಸದು ಬರುತ್ತದೆ. ಮೊದಲು ತಿಂಗಳಿಗೊಂದು ತಾರೀಖು ಇತ್ತು, ಆಮೇಲೆ ಹದಿನೈದು ದಿನಕ್ಕೆ, ಈಗ ನಾಲ್ಕೈದು ದಿನಕ್ಕೆ. ನಾವು ಮುಟ್ಟದೇ ಇರುವುದೂ ತಾನಾಗಿ ಮುರಿದಿರುತ್ತದೆ. ನಾವು ಗಾಜು ಕೀಳೋದನ್ನು ತಾತ ಒಂದು ಸಲ ನೋಡಿದರು, ಬೈಯಲಿಲ್ಲ. ಅದಾದ ಮಾರನೇ ದಿನದಿಂದಲೇ ಪಂಪ್‌ಹೌಸಲ್ಲಿ ಸೀಮೆಸುಣ್ಣ ಬಂದಿದ್ದು.

ಆ ಗೆರೆ ಮನೆಯ ಒಳಗೂ ಇದೆ. ಬೀರುವಿನ ಹಿಂದೆ. ಇಲಿಯ ಕೈ ಒಳಗೆ ಹೋಗುತ್ತದೆ. ಅಮ್ಮನಿಗೆ ಗೊತ್ತು, ಯಾರಿಗೂ ಹೇಳಬೇಡಿ ಅಂದಿದ್ದಾಳೆ.

ಇನ್ನೊಂದು ಆಟ ಹೇಳುತ್ತೇನೆ. ತೂಕದ ಗುಂಡನ್ನು ನಮ್ಮ ಕಿಟಕಿಯ ಮೇಲಿನ ಮೊಳೆಯಿಂದ ಓಣಿ ಕಡೆ ಇಳಿಬಿಟ್ಟಿದ್ದೇನೆ. ದಾರ ಮೇಲೆ ಗೋಡೆಗೆ ತಾಗುತ್ತದೆ, ಕೆಳಗೆ ಗುಂಡು ಮಾತ್ರ ಗೋಡೆಯಿಂದ ದೂರ ನೇತಾಡುತ್ತದೆ. ಹೋದ ತಿಂಗಳು ನಾಲ್ಕು ಬೆರಳು ಇತ್ತು. ನಿನ್ನೆ ಐದು ಬೆರಳು. ನನ್ನ ಬೆರಳೇನೂ ಸಣ್ಣಗಾಗಿಲ್ಲ. ಯಾಕೆ ಹೀಗೆ, ನೀವು ಮೇಸ್ತ್ರಿ ಅಲ್ವಾ, ಹೇಳಿ.

ನಿಮ್ಮ ವಕೀಲಮ್ಮ


ಫೆಬ್ರವರಿ 22

ತಮ್ಮ,

ಹದಿನಾಲ್ಕು ದಿನವಾಯಿತು, ನಿನ್ನಿಂದ ಎರಡು ಸಾಲಿಲ್ಲ. ಒಳಕ್ಯಾಂಪು ಎಂದು ಹೇಳಿದ್ದೆ, ಗೊತ್ತು. ಆದರೂ ಅಂಚೆಯವನು ನಮ್ಮ ಮನೆ ದಾಟಿ ಹೋದಾಗಲೆಲ್ಲ ಅವನ ಬೆನ್ನು ನೋಡಿಕೊಂಡು ನಿಲ್ಲುತ್ತೇನೆ.

ಮನೆಯಲ್ಲಿ ಸಣ್ಣಪುಟ್ಟ ಕಿರಿಕಿರಿ. ಬೀರುವಿನ ಬಾಗಿಲು ತಾನಾಗಿ ತೆರೆದುಕೊಳ್ಳುತ್ತದೆ, ಕಾಗದ ಮಡಚಿ ಸಿಗಿಸಿದ್ದೇನೆ. ಮುಂಬಾಗಿಲು ಚೌಕಟ್ಟಿಗೆ ಕಚ್ಚಿಕೊಳ್ಳುತ್ತಿತ್ತು. ಬಡಗಿ ಬಂದು ಉಜ್ಜಿಕೊಟ್ಟು ಹೋದ, ವಾರಕ್ಕೆ ಮತ್ತೆ ಕಚ್ಚಿಕೊಂಡಿತು. ಗುಂಡುಸೂಜಿ ಕೈಜಾರಿ ಬಿದ್ದರೆ ಎಲ್ಲವೂ ಓಣಿ ಕಡೆಗೇ ಉರುಳುತ್ತವೆ, ಹುಡುಕುವ ಕೆಲಸ ತಪ್ಪಿತು. ಬೈಂಡರ್ ಹೆಂಡತಿ, "ಅಂಟಿನ ಬಟ್ಟಲಲ್ಲಿ ದಿನಾ ಸುಣ್ಣದ ಪುಡಿ ಬೀಳುತ್ತೆ ಕಣ್ರೀ" ಎಂದಳು. ಹಳೆಯ ಮನೆ ಅಂದಮೇಲೆ ಇಷ್ಟೂ ಇರದಿದ್ದರೆ ಹೇಗೆ ಎಂದೆ. ನಗುತ್ತಲೇ ಹೇಳಿದೆ.

ಆ ಮನುಷ್ಯ ಒಡೆದ ಕಿಟಕಿಯನ್ನು ಸರಿಮಾಡಿಸಿಲ್ಲ. ಅದರ ಎದುರಿಗೇ ಕುರ್ಚಿ ಹಾಕಿಕೊಂಡು ಬೆಳಗಿನಿಂದ ಸಂಜೆಯವರೆಗೆ ನಮ್ಮ ಗೋಡೆ ನೋಡುತ್ತಾ ಕೂತಿರುತ್ತಾನೆ. ಈಗ ಮುಖ ಕಾಣುತ್ತದೆ. ಬಿಳಿ ಗಡ್ಡ, ದಪ್ಪ ಕನ್ನಡಕ. ಮಕ್ಕಳು ಚೆಂಡು ಎಸೆದಾಗಲೆಲ್ಲ ಅವನು ಕಣ್ಣು ಮುಚ್ಚುತ್ತಾನೆ. ನನಗೆ ಅದನ್ನು ನೋಡಿದರೆ ಮೈ ಉರಿಯುತ್ತದೆ.

ನಿನ್ನೆ ಬೆಳಿಗ್ಗೆ ಮತ್ತೆ ಒಂದು ಗಾಜು ಅಂಟಿಸಿದ್ದ. ನಿನ್ನೆಯದೇ ತಾರೀಖು, ಇಪ್ಪತ್ತೊಂದು. ನಾನೇ ಕಿತ್ತು ಅವನ ಬಾಗಿಲಿಗೆ ಎಸೆದೆ. ವಕೀಲಮ್ಮ ಇಳಿಬಿಟ್ಟಿದ್ದ ಗುಂಡನ್ನೂ ಕತ್ತರಿಸಿ ಪೆಟ್ಟಿಗೆಗೆ ಹಾಕಿದೆ. ಅವಳು ಆರು ಬೆರಳು, ಆರು ಬೆರಳು ಎಂದು ಏನೋ ಹೇಳಲು ಬಂದಳು. ಸುಮ್ಮನಿರು ಎಂದು ಗದರಿದೆ.

ಈ ಮನೆ ನನ್ನದು ಕಣೋ. ಬಾಡಿಗೆಯದಾದರೇನು, ನಾನು ನೆಮ್ಮದಿಯ ಉಸಿರು ಬಿಟ್ಟು ಕೂತಿರುವ ಮೊದಲ ಮನೆ. ಯಾರು ಹೆದರಿಸಿದರೂ ಬಿಡುವುದಿಲ್ಲ.

ಇದನ್ನು ಬರೆಯುವಾಗ ಇಲಿ ಕೆಳಗೆ ಆಡುತ್ತಿದ್ದಾನೆ. ಚೆಂಡು ಬಡಿಯುತ್ತಲೇ ಇದೆ. ಇವತ್ತು ಯಾಕೋ ಸದ್ದು ಡಬ್ಬಿಗೆ ಬಡಿದ ಹಾಗೆ ಟೊಳ್ಳಾಗಿ ಕೇಳುತ್ತಿದೆ. ಚೆಂಡಿನಲ್ಲಿ ಗಾಳಿ ಕಡಿಮೆಯಾಗಿರಬೇಕು.

ನಿನ್ನ ಅಕ್ಕ


ಫೆಬ್ರವರಿ 27

ಅಕ್ಕ,

ಇದನ್ನು ಓದುತ್ತಿರುವ ಹಾಗೇ ಮಕ್ಕಳನ್ನು ಕರೆದುಕೊಂಡು ಮನೆಯಿಂದ ಹೊರಗೆ ಹೋಗು. ಓಣಿಯ ಕಡೆ ಅಲ್ಲ, ಮುಂಬಾಗಿಲಿನಿಂದ ರಸ್ತೆಗೆ. ಮೇಲಿನವರನ್ನೂ ಕೂಗಿ ಕರೆ. ಮಿಷನ್ನು, ಬಟ್ಟೆ ಯಾವುದನ್ನೂ ಮುಟ್ಟಬೇಡ. ಮಿಕ್ಕಿದ್ದನ್ನು ರಸ್ತೆಯಲ್ಲಿ ನಿಂತು ಓದು.

ಒಂದು ಗಂಟೆಯ ಹಿಂದೆ ಒಳಕ್ಯಾಂಪಿನಿಂದ ಬಂದೆ. ಮೊಳೆಯಲ್ಲಿ ನಿನ್ನ ಎಂಟನೇ ತಾರೀಖಿನ ಕಾಗದ ಇತ್ತು, ಒಳಗೆ ವಕೀಲಮ್ಮನ ಹಾಳೆಯೂ ಇತ್ತು. ಆ ಗಾಜು ಉಡುಗೊರೆಯಲ್ಲ, ಮಾಟವೂ ಅಲ್ಲ. ಗೋಡೆಯ ಬಿರುಕು ಬೆಳೆಯುತ್ತಿದೆಯೇ ಎಂದು ತಿಳಿಯಲು ಹಾಗೆ ಅಡ್ಡಲಾಗಿ ಗಾಜು ಅಂಟಿಸಿ, ಅಂಟಿಸಿದ ತಾರೀಖು ಬರೆಯುತ್ತಾರೆ. ಗೋಡೆ ಕೂದಲೆಳೆಯಷ್ಟು ಸರಿದರೂ ಗಾಜು ಮುರಿಯುತ್ತದೆ. ಇಲ್ಲಿ ಸುರಂಗದಲ್ಲಿ ನಾನೇ ದಿನಾ ಅಂಟಿಸುತ್ತೇನೆ. ಇಲಿಯ ಹುಟ್ಟಿದ ದಿನ ಕಾಕತಾಳೀಯ. ತಾರೀಖುಗಳು ಹತ್ತಿರ ಬರುತ್ತಿವೆ ಎಂದರೆ ಗೋಡೆ ಬೇಗ ಬೇಗ ಸರಿಯುತ್ತಿದೆ. ಗುಂಡು ಐದು ಬೆರಳು ದೂರ ನಿಂತರೆ ಗೋಡೆಯ ತಲೆ ಓಣಿಯ ಮೇಲೆ ಬಾಗಿದೆ ಎಂದು ಅರ್ಥ. ಆ ಮುದುಕ ಮಕ್ಕಳನ್ನು ಪಂಪ್‌ಹೌಸಿಗೆ ಎಳೆಯುತ್ತಿದ್ದದ್ದು ಅದರ ಅಡಿಯಿಂದ ಆಚೆ ಕಳಿಸಲು.

ಗೂಡು ಮುಚ್ಚಿಸು ಎಂದವನು ನಾನು. ಗೋಡೆಗೆ ಚೆಂಡು ಹೊಡೆದು ಆಡಲಿ ಎಂದವನೂ ನಾನೇ.

ಬೀರುವಿನ ಹಿಂದೆ ಬಿರುಕಿದೆ ಎಂದು ನನಗೆ ಯಾಕೆ ಹೇಳಲಿಲ್ಲ ಅಕ್ಕ? ಇರಲಿ, ಈಗ ಅದನ್ನು ಕೇಳುವುದಿಲ್ಲ. ತಂತಿ ಕಳಿಸಲು ಲಾರಿಯವನ ಕೈಗೆ ಚೀಟಿ ಕೊಟ್ಟಿದ್ದೇನೆ, ಅವನು ಪೇಟೆ ಮುಟ್ಟಲು ಎರಡು ದಿನ ಬೇಕು. ಹೊರಗೆ ಹೋಗು.

ತಮ್ಮ


ಮಾರ್ಚ್ 2 (ತಂತಿ)

ಗೋಡೆ ನಿನ್ನೆ ಬಿತ್ತು. ನಾವು ಮೂವರೂ ಕ್ಷೇಮ. ಮೇಲಿನವರೂ ಕ್ಷೇಮ. ಪತ್ರ ಬರೆಯುವೆ. ಅಕ್ಕ.


ಮಾರ್ಚ್ 6

ಅಕ್ಕ,

ನಿನ್ನ ತಂತಿಯನ್ನು ಎಷ್ಟು ಸಲ ಓದಿದೆನೋ, ಮಡಿಕೆಯಲ್ಲಿ ಹರಿದುಹೋಗಿದೆ. ಇಲಿ ಕ್ಷೇಮ, ವಕೀಲಮ್ಮ ಕ್ಷೇಮ, ನೀನು ಕ್ಷೇಮ. ನನಗೆ ಇನ್ನೇನೂ ಬೇಡ. ಅಡುಗೆಯವನು ಬಡಿಸಿದ ಡಾಂಬರನ್ನು ನಿನ್ನೆ ಎರಡು ಸಲ ಹಾಕಿಸಿಕೊಂಡು ತಿಂದೆ. ನಾನು ಅಳುತ್ತಾ ತಿನ್ನುವುದನ್ನು ನೋಡಿ ಅವನು ರುಚಿಗೆ ಅತ್ತೆ ಎಂದುಕೊಂಡ.

ಹೇಗೆ ಹೊರಗೆ ಬಂದಿರಿ? ನನ್ನ ಕಾಗದವಾಗಲಿ ತಂತಿಯಾಗಲಿ ಅಷ್ಟರಲ್ಲಿ ತಲುಪಿರಲು ಸಾಧ್ಯವಿಲ್ಲ. ಆ ತಾತನೇ ಏನೋ ಮಾಡಿರಬೇಕು ಎಂದು ನನ್ನ ಮನಸ್ಸು ಹೇಳುತ್ತಿದೆ. ಅವರ ಕೈ ಹಿಡಿದು, ನನ್ನ ತಮ್ಮ ನಿಮ್ಮ ಋಣ ಮರೆಯುವುದಿಲ್ಲ ಎಂದು ಹೇಳು. ನಾನು ಬಂದಾಗ ಮೊದಲು ಅವರ ಬಾಗಿಲಿಗೇ ಹೋಗುತ್ತೇನೆ.

ಆ ಮಾಲೀಕನನ್ನು ಮಾತ್ರ ಬಿಡಬಾರದು. ಬಿರುಕು ಹಳೆಯದೇ ಇರಬೇಕು. ಹಿಂದೆ ಯಾರೋ ಕೈಗೆ ಸಿಕ್ಕ ಮೇಸ್ತ್ರಿಯನ್ನು ಹಿಡಿದು ಮೇಲೆ ಗಿಲಾವು ಬಳಿಸಿ ಮುಚ್ಚಿಸಿರುತ್ತಾನೆ. ಹೇಳಿದ್ದನ್ನು ಮಾಡಿ, ಹಿಂದೆ ಮುಂದೆ ನೋಡದೆ ಹೋಗುವಂಥವರು ಎಲ್ಲ ಕಡೆಯೂ ಇರುತ್ತಾರೆ. ಯಾರೆಂದು ಈಗ ಹುಡುಕಿ ಪ್ರಯೋಜನವಿಲ್ಲ.

ಸದ್ಯ ಎಲ್ಲಿದ್ದೀರಿ? ಎಲ್ಲವನ್ನೂ ವಿವರವಾಗಿ ಬರೆ.

ತಮ್ಮ


ಮಾರ್ಚ್ 17

ತಮ್ಮ,

ಶಾಲೆಯ ಹಿಂದಿನ ಒಂದು ಕೋಣೆಯಲ್ಲಿದ್ದೇವೆ. ಒಂಬತ್ತನೆಯ ಮನೆ. ವಿವರವಾಗಿ ಬರೆ ಎಂದೆ, ಬರೆಯುತ್ತೇನೆ. ನಡುವೆ ನಿಲ್ಲಿಸದೆ ಓದು.

ನಾವು ಆ ಮನೆಗೆ ಹೋದ ಎರಡನೆಯ ದಿನವೇ ಕಿಟಕಿ ತಾತ ನನ್ನ ಬಾಗಿಲಿಗೆ ಬಂದಿದ್ದರು. ನಿನಗೆ ಅದನ್ನು ಹೇಳಿರಲಿಲ್ಲ, ಮುಖ ನೋಡಿದವರಿಲ್ಲ ಎಂದು ಬರೆದದ್ದು ಸುಳ್ಳು. "ಅಮ್ಮಾ, ಈ ಮನೆ ಬಿಡಿ. ಆ ಗೋಡೆ ನಿಲ್ಲಲ್ಲ" ಎಂದರು. ಅವನಿಗೆ ತಲೆ ಕೆಟ್ಟಿದೆ, ಬಂದವರನ್ನೆಲ್ಲ ಓಡಿಸುವುದೇ ಅವನ ಕೆಲಸ ಎಂದು ಮಾಲೀಕರು ಮೊದಲೇ ಹೇಳಿಟ್ಟಿದ್ದರು. ನನಗೆ ಅದನ್ನೇ ನಂಬುವುದು ಬೇಕಿತ್ತು. ಬಾಗಿಲು ಹಾಕಿಕೊಂಡು ಬೀರುವನ್ನು ಬಿರುಕಿನ ಮುಂದಕ್ಕೆ ತಳ್ಳಿದೆ. ಇನ್ನೊಂದು ಸಲ ಬಂದಾಗ ಪೊರಕೆ ತೋರಿಸಿದೆ. ನಿನಗೆ ಬರೆದಿದ್ದರೆ ಮನೆ ಬಿಡು ಅನ್ನುತ್ತಿದ್ದೆ, ಅದಕ್ಕೇ ಬರೆಯಲಿಲ್ಲ.

ಮಾರ್ಚ್ ಒಂದು, ಭಾನುವಾರ, ಬೆಳಿಗ್ಗೆ ಹತ್ತು ಗಂಟೆ. ನಾನು ಕಾಲರು ಹೊಲಿಯುತ್ತಿದ್ದೆ. ವಕೀಲಮ್ಮ ನನ್ನ ಪಕ್ಕದಲ್ಲಿ ದಾರ ಬಿಡಿಸುತ್ತಿದ್ದಳು. ಇಲಿ ಓಣಿಯಲ್ಲಿದ್ದ. ಚೆಂಡಿನ ಸದ್ದು ನಿಂತಿತು. ಕಿಟಕಿಯಿಂದ ಬಗ್ಗಿ ನೋಡಿದರೆ ಅವರು ಇಲಿಯ ಕೈ ಹಿಡಿದು ಪಂಪ್‌ಹೌಸಿನ ಕಡೆ ಹೋಗುತ್ತಿದ್ದಾರೆ. ಹಗಲಲ್ಲಿ ಬೀದಿಯವರ ಕಣ್ಣಿಗೆ ಬೀಳದ ಮನುಷ್ಯ, ಓಡುವ ಹಾಗೆ ನಡೆಯುತ್ತಿದ್ದರು. ಕಿಟಕಿಯ ಕೆಳಗೆ ಬಂದಾಗ ತಲೆಯೆತ್ತಿ ನನ್ನನ್ನು ನೋಡಿದರು. ನನಗೆ ಕಾಣಲಿ ಎಂದೇ ನೋಡಿದರು. ಅದು ಈಗ ಗೊತ್ತಾಗುತ್ತದೆ.

ನಾನು ಕಿರುಚಿದೆ. ಕೈಯಲ್ಲಿ ಬಟ್ಟೆ ಅಳೆಯುವ ಮರದ ಕೋಲು ಇತ್ತು, ಅದನ್ನೇ ಹಿಡಿದು ಓಡಿದೆ. ವಕೀಲಮ್ಮ ಹಿಂದೆ ಬಂದಳು. ಮಗು ಕದ್ದ ಎಂಬ ಕೂಗು ಕೇಳಿ ಬೈಂಡರ್ ಮೆಟ್ಟಿಲಿಳಿದು ಬಂದರು, ಅವರ ಹೆಂಡತಿ ಬಂದಳು, ಬೀದಿಯವರು ಬಂದರು. ಪಂಪ್‌ಹೌಸಿನ ಮುಂದೆ ಅವರು ತಾವಾಗಿಯೇ ನಿಂತರು. ಇಲಿಯ ಕೈ ಬಿಟ್ಟರು. ಮೊದಲ ಏಟು ನನ್ನದು, ತಮ್ಮ. ಕೋಲು ಎರಡು ತುಂಡಾಯಿತು. ಆಮೇಲೆ ಗಂಡಸರು ಸುತ್ತುವರಿದರು. ಅವರು ಕೈ ಅಡ್ಡ ಹಿಡಿಯಲಿಲ್ಲ. ನಮ್ಮ ಹೆಗಲುಗಳ ಸಂದಿನಿಂದ ನಮ್ಮ ಮನೆಯನ್ನೇ ನೋಡುತ್ತಿದ್ದರು. "ಒಳಗೆ ಯಾರೂ ಇಲ್ವಲ್ಲ? ಎಲ್ಲಾ ಬಂದ್ರಾ?" ಅಂದರು. ಅದು ಯಾರಿಗೂ ಅರ್ಥವಾಗಲಿಲ್ಲ, ಹೊಡೆಯುವುದೂ ನಿಲ್ಲಲಿಲ್ಲ.

ಆಗ ಹಿಂದೆ ಸದ್ದಾಯಿತು. ತಿರುಗಿದರೆ ಓಣಿ ಇರಲಿಲ್ಲ, ಧೂಳು ಇತ್ತು. ಧೂಳು ಇಳಿದಾಗ ನನ್ನ ಅಡುಗೆಮನೆಯ ಪಾತ್ರೆಗಳು ರಸ್ತೆಯಿಂದ ಕಾಣುತ್ತಿದ್ದವು. ಇಲಿ ಆಡುತ್ತಿದ್ದ ಜಾಗದ ಮೇಲೆ ಮಹಡಿಯೇ ಬಂದು ಕೂತಿತ್ತು.

ಆಸ್ಪತ್ರೆಯಲ್ಲಿ ಆರು ದಿನ ಅವರ ಪಕ್ಕದಲ್ಲಿ ಕೂತೆ. ಹೆಚ್ಚು ಮಾತಾಡುವ ಸ್ಥಿತಿಯಲ್ಲಿರಲಿಲ್ಲ. ಬೆಳಿಗ್ಗೆ ಅಂಟಿಸಿದ ಗಾಜು ಅರ್ಧ ಗಂಟೆಗೇ ಮುರಿಯಿತಂತೆ. "ಹೇಳಿದ್ರೆ ನೀವು ಕೇಳ್ತಿರಲಿಲ್ಲ. ಮಗು ಕರ್ಕೊಂಡು ಹೋದ್ರೆ ಓಡಿ ಬರ್ತೀರಿ ಅಂತ ಗೊತ್ತಿತ್ತು" ಎಂದರು. ನನ್ನ ಮೇಲೆ ಸಿಟ್ಟಿರಲಿಲ್ಲ. ಸಿಟ್ಟು ಮಾಡಿಕೊಂಡಿದ್ದರೆ ನನಗೆ ಸ್ವಲ್ಪ ಹಗುರಾಗುತ್ತಿತ್ತು.

ಏಳನೆಯ ದಿನ ಬೆಳಿಗ್ಗೆ ತೀರಿಕೊಂಡರು. ಗೋಡೆ ಯಾರನ್ನೂ ಕೊಲ್ಲಲಿಲ್ಲ, ತಮ್ಮ. ನಾವು ಕೊಂದೆವು. ತಂತಿಯಲ್ಲಿ ಎಲ್ಲರೂ ಕ್ಷೇಮ ಎಂದು ನಾನು ಬರೆಯಲಿಲ್ಲ, ನೋಡು. ಬರೆಯಲು ಕೈ ಬರಲಿಲ್ಲ.

ಅವರು ಒಂದು ಕಾಲದಲ್ಲಿ ಕಟ್ಟಡ ಪರೀಕ್ಷೆ ಮಾಡುವ ಓವರ್ಸಿಯರ್ ಆಗಿದ್ದರು. ಹನ್ನೆರಡು ವರ್ಷದ ಹಿಂದೆ ಇದೇ ಗೋಡೆಯನ್ನು ಕೆಡವಬೇಕು ಎಂದು ಬರೆದುಕೊಟ್ಟಿದ್ದರಂತೆ. ಎಂಟು ದಿನ ಬಿಟ್ಟು ಬಂದು ನೋಡಿದರೆ ಗೋಡೆ ಕನ್ನಡಿಯ ಹಾಗೆ ನುಣ್ಣಗಿತ್ತು. "ಒಳ್ಳೆ ಕೈ ಅಮ್ಮ ಅದು. ಬಿರುಕು ಎಲ್ಲಿತ್ತು ಅಂತ ನನಗೇ ಗೊತ್ತಾಗಲಿಲ್ಲ" ಎಂದರು. ಅವರ ಮೇಲಧಿಕಾರಿಗಳು ಬಂದು ಸರಿಯಿದೆ ಎಂದು ಸಹಿ ಹಾಕಿದರು. ಇವರು ಕೆಲಸ ಬಿಟ್ಟು, ಆ ಗೋಡೆಯ ಎದುರಿನ ಮನೆಗೇ ಬಾಡಿಗೆಗೆ ಬಂದು ಕೂತರು. ಇಷ್ಟು ವರ್ಷ ಅದನ್ನೇ ನೋಡುತ್ತಾ ಕೂತಿದ್ದರು.

ಅವರ ಅಂಗಿಯ ಜೇಬಿನಲ್ಲಿ ಮಕ್ಕಳು ಕೊಟ್ಟ ಹಸಿರು ಬಟನ್ ಇತ್ತು. ಅದನ್ನು ಅವರ ಜೊತೆಗೇ ಕಳಿಸಿದೆ.

ಹೋದ ವಾರ ಮಿಷನ್ನಿನ ತಲೆಭಾಗವಾದರೂ ಸಿಗಬಹುದೇ ಎಂದು ಇಟ್ಟಿಗೆಯ ರಾಶಿಯಲ್ಲಿ ಹುಡುಕುತ್ತಿದ್ದೆವು. ಇಲಿ ಒಂದು ಗಿಲಾವಿನ ಹೆಂಟೆ ಎತ್ತಿಕೊಂಡು ಬಂದ. "ಅಮ್ಮ, ತಾತ ಇನ್ನೊಂದು ಕೊಟ್ಟಿದ್ದಾರೆ" ಎಂದ. ಗೋಡೆಯ ಕೆಳಮೂಲೆಯ ಹೆಂಟೆ ಅದು. ನಡುವೆ ಹಸಿರು ಬಟನ್ ಒತ್ತಿತ್ತು, ಮೇಲೆ ತೆಳ್ಳಗೆ ಸಾರಿಸಿತ್ತು. ನಾಲ್ಕು ತೂತು, ಅಂಚಿನಲ್ಲಿ ಅಮ್ಮನ ಹಲ್ಲಿನ ಗುರುತು. ದಾರ ಕಡಿಯುವಾಗ ಅವಳು ಬಟನ್ನನ್ನೂ ಕಚ್ಚುತ್ತಿದ್ದಳಲ್ಲ.

ಆ ಮಾಲೀಕ ನಿನಗೆ ಹೇಗೆ ಪರಿಚಯ ಎಂದು ನಾನು ಒಂದು ಸಲವೂ ಕೇಳಿರಲಿಲ್ಲ.

ನಿನ್ನನ್ನು ಬೈಯಲು ನನಗೆ ಬಾಯಿಲ್ಲ. ನೀನು ಬಿರುಕಿನ ಮೇಲೆ ಗಿಲಾವು ಹಾಕಿದೆ, ನಾನು ಬೀರು ಇಟ್ಟೆ. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು. ಆದರೆ ನಾನು ನನ್ನದನ್ನು ಇಲ್ಲಿ ಬರೆದಿದ್ದೇನೆ. ನೀನು ಆರನೇ ತಾರೀಖು ಯಾರೋ ಒಬ್ಬ ಮೇಸ್ತ್ರಿ ಎಂದು ಬರೆದೆ.

ಬಟನ್ನನ್ನು ಇದೇ ಲಕೋಟೆಯಲ್ಲಿ ಇಟ್ಟಿದ್ದೇನೆ. ಮಾಮ ಯಾವಾಗ ಬರುತ್ತಾರೆ ಎಂದು ಇಲಿ ದಿನಾ ಕೇಳುತ್ತಾನೆ. ತಾತನ ಕಥೆಯನ್ನು ಮಾಮನಿಗೆ ತಾನೇ ಹೇಳಬೇಕಂತೆ. ಅವನಿಗೆ ಏನು ಹೇಳಲಿ ಎಂದು ನೀನೇ ಬರೆದು ತಿಳಿಸು.

ನಿನ್ನ ಅಕ್ಕ